ತವರಿಗೆ ಹೋದ ಕ್ರೆಡಿಟ್ಟು

‘ಕ್ರೆಡಿಟ್ ವರ್ಗಾವಣೆ’ ಅನ್ನುವ ಮಾತು ಬಂದ ಕಡೆಯೆಲ್ಲ ಯಾರಿಗಾದರೂ ಏನಾದರೂ ಆಗಿಯೇ ಆಗುತ್ತದೆ. ನನ್ನ ಕಣ್ಣೆದುರಿಗಂತೂ ಆಗುತ್ತಲೇ ಇದೆ. ಆಗುವಾಗ ಅಳು ಬರುತ್ತದೆ. ಆಮೇಲೆ ಯಾರಿಗಾದರೂ ಹೇಳಿದರೆ ಕೇಳಿದವರು ನಗುತ್ತಾರೆ. ಅವರು ನಗುವಾಗ ನಾನೊಬ್ಬಳೇ ಮುಖ ಗಂಟಿಕ್ಕಿಕೊಂಡು ಕೂರುವುದು ಚೆನ್ನಾಗಿರುವುದಿಲ್ಲ ಅಂತ ನಾನೂ ನಗುತ್ತೇನೆ.

ನಾನು ಗುಬ್ಬಿಯ ಒಂದು ಸಮುದಾಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಕಾಲೇಜು ಅಂದರೆ ದೊಡ್ಡದೇನಲ್ಲ. ಹಳೆಯ ಹೈಸ್ಕೂಲಿನ ಹಿಂಭಾಗದಲ್ಲಿ ಎರಡು ಕೋಣೆ, ಕಾಯಿ ತುರಿಯುವ ಒಂದು ಮಿಷನ್ನು, ಒಣಗಿಸುವ ಒಂದು ಮಿಷನ್ನು, ಪ್ರಾಂಶುಪಾಲರು, ನಾನು. ಪಿಯುಸಿ ಮುಗಿಸಿದವರಿಗೆ ಒಂದು ವರ್ಷದ ಆಹಾರ ಸಂಸ್ಕರಣೆ ಡಿಪ್ಲೊಮಾ. ಪ್ರತಿ ಪೇಪರಿಗೂ ಇಂತಿಷ್ಟು ಕ್ರೆಡಿಟ್ಟು, ಅಂದರೆ ಓದಿದ್ದಕ್ಕೆ ಸಿಗುವ ಲೆಕ್ಕ. ಒಂದು ವರ್ಷದ ಕ್ರೆಡಿಟ್ಟು ಪೂರ್ತಿಯಾದರೆ ಅದನ್ನು ವಿಶ್ವವಿದ್ಯಾಲಯಕ್ಕೆ ವರ್ಗ ಮಾಡಿಸಿಕೊಂಡು, ತುಮಕೂರಿನ ಒಂದು ಕಾಲೇಜಿನಲ್ಲಿ ನೇರವಾಗಿ ಪದವಿಯ ಎರಡನೇ ವರ್ಷಕ್ಕೆ ಸೇರಬಹುದು ಅಂತ ನಮ್ಮ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದರು. ‘ಸೇರಬಹುದು’ ಅನ್ನುವುದರಲ್ಲಿ ಆ ‘ಬಹುದು’ ಎಷ್ಟು ಭಾರದ್ದು ಅಂತ ನಮಗೆ ಗೊತ್ತಾದದ್ದು ಆಮೇಲೆ.

ಯಾವ ಸಮುದಾಯ?

ಮೊದಲ ವರ್ಷ ವಿದ್ಯಾರ್ಥಿಗಳನ್ನು ಹುಡುಕಿಕೊಂಡು ನಾನೂ ಪ್ರಾಂಶುಪಾಲರೂ ಅವರ ಸ್ಕೂಟರಿನಲ್ಲಿ ಊರೂರು ತಿರುಗಿದೆವು. ಕಡಬದ ಕೆರೆ ಏರಿಯ ಹತ್ತಿರ ಒಂದು ಅರಳಿಕಟ್ಟೆ. ಅಲ್ಲಿ ಕೂತಿದ್ದ ಯಜಮಾನರೊಬ್ಬರು ನಮ್ಮ ಪಾಂಪ್ಲೆಟನ್ನು ದೂರ ಹಿಡಿದು ಓದಿದರು.

“ಸಮುದಾಯ ಕಾಲೇಜು ಅಂತ ಹಾಕಿದೀರಿ. ಯಾವ ಸಮುದಾಯದ್ದು?”

“ಹಾಗಲ್ಲ ಯಜಮಾನ್ರೇ, ಎಲ್ಲಾ ಸಮುದಾಯದ್ದೂ,” ಅಂದರು ಪ್ರಾಂಶುಪಾಲರು.

ಯಜಮಾನರು ಪಾಂಪ್ಲೆಟನ್ನು ಮಡಿಸಿ ವಾಪಸ್ಸು ಕೊಟ್ಟರು. “ಎಲ್ಲಾರ್ದೂ ಅಂದ್ರೆ ಯಾರ್ದೂ ಅಲ್ಲ ಬುಡಿ. ಕೇಳೋರು ಯಾರು ನಾಳೆ?”

ಆ ಮಾತು ನಮ್ಮ ಪ್ರಾಂಶುಪಾಲರ ಮನಸ್ಸಿಗೆ ಬಹಳ ನಾಟಿತು. ಗುಬ್ಬಿಗೆ ವಾಪಸ್ಸು ಬಂದೆವು. ಅಡ್ಮಿಷನ್ನಿಗೆ ಅಂತ ನಾವು ಮೇಜು ಹಾಕಿಕೊಂಡು ಕೂತೆವು. ಒಂದು ನೊಣ ಬಿಟ್ಟರೆ ಯಾರೂ ಬರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಗಂಡ ಹೆಂಡತಿ ಇಬ್ಬರು ಬಂದರು. ಪ್ರಾಂಶುಪಾಲರು ಎದ್ದು ನಿಂತು ಕುರ್ಚಿ ಕೊಟ್ಟರು.

ಬಂದವರು ಕೋಣೆಯನ್ನೆಲ್ಲ ಕಣ್ಣಲ್ಲೇ ಅಳೆದರು. “ಎಷ್ಟ್ ಜನ ಹಿಡೀತಾರೆ ಸಾ ಇಲ್ಲಿ?”

“ನಲವತ್ತು ಜನಕ್ಕೆ ಅನುಮತಿ ಇದೆ.”

“ಪಾತ್ರೆ ನಿಮ್ದೇನಾ, ನಾವ್ ತರ್ಬೇಕಾ?”

“ಪ್ರಾಕ್ಟಿಕಲ್ಸಿಗೆ ಎಲ್ಲಾ ನಾವೇ ಕೊಡ್ತೀವಿ,” ಅಂದರು ಪ್ರಾಂಶುಪಾಲರು, ಹುಮ್ಮಸ್ಸಿನಿಂದ.

“ನೀರಿಂದೇನೂ ತೊಂದ್ರೆ ಇಲ್ಲ ತಾನೆ? ಮಗೂಗೆ ನಾಮಕರಣ. ಊಟಕ್ಕೆ ಬಾಳೆಲೆ ನಮ್ದೇ.”

ಸಮುದಾಯ ಭವನ ಅಂದುಕೊಂಡು ಬಂದಿದ್ದರು. ಪ್ರಾಂಶುಪಾಲರು ನಿಧಾನವಾಗಿ ಕೂತರು. “ಇದು ಕಾಲೇಜು ಕಣ್ರೀ. ಇನ್ನೂ ಒಂದು ಅಡ್ಮಿಷನ್ನೂ ಆಗಿಲ್ಲ,” ಅಂದರು, ಸತ್ತ ದನಿಯಲ್ಲಿ.

ಗಂಡಸು ಹೆಂಡತಿಯ ಮುಖ ನೋಡಿ ಹೇಳಿದ: “ಹಂಗಾದ್ರೆ ಖಾಲಿ ಐತೆ ಅನ್ನಿ. ಶುಕ್ರವಾರ ನಮ್ಗೇ ಇರ್ಲಿ ಸಾ.”

ಕಾವಲಿಗೆ ಬಂದವರು

ಅಂತೂ ಇಂತೂ ಒಂದಿಷ್ಟು ಜನ ಸೇರಿದರು. ಅವರಲ್ಲಿ ನಿಟ್ಟೂರಿನ ಒಬ್ಬಳು ಸೊಸೆ. ತವರು ಕುಣಿಗಲ್ ಕಡೆ. ಪಿಯುಸಿಯಲ್ಲಿ ಒಳ್ಳೆಯ ಮಾರ್ಕ್ಸ್ ತೆಗೆದಿದ್ದಳು, ಆ ಬೇಸಿಗೆಯಲ್ಲೇ ಮದುವೆ ಮಾಡಿದ್ದರು. ಗಂಡ ವಸಂತನರಸಾಪುರದ ಒಂದು ತಿಂಡಿ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದ. ಆ ಫ್ಯಾಕ್ಟರಿಯಲ್ಲಿ ಗಾಜಿನ ಬಾಗಿಲಿನ ಹಿಂದೆ ಬಿಳಿ ಕೋಟು ಹಾಕಿಕೊಂಡು ಎಣ್ಣೆ, ಹಿಟ್ಟು ಎಲ್ಲ ಪರೀಕ್ಷೆ ಮಾಡುವ ಹುಡುಗಿಯರಿದ್ದಾರೆ ಅಂತ ಗಂಡ ಹೇಳಿದ್ದನ್ನು ಇವಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. “ಅದಕ್ಕೆ ಡಿಗ್ರಿ ಬೇಕಂತೆ ಮಿಸ್,” ಅಂದಳು ನನ್ನ ಹತ್ತಿರ, ಮೊದಲನೇ ದಿನವೇ.

ಅಷ್ಟು ಹೇಳಿದ್ದೂ ಜೊತೆಗೆ ಬಂದಿದ್ದ ಅತ್ತೆ ನೀರು ಕುಡಿಯಲು ಆಚೆ ಹೋಗಿದ್ದಾಗ. ಉಳಿದಂತೆ ಮಾತೆಲ್ಲ ಅತ್ತೆಯದೇ.

“ಗಂಡ್ ಹುಡುಗ್ರು ಎಷ್ಟ್ ಜನ ಅವ್ರೆ?”

“ಅರ್ಧಕ್ಕರ್ಧ ಇದ್ದಾರಮ್ಮ,” ಅಂದೆ.

“ಹಂಗಾರೆ ನಾನೂ ದಿನಾ ಬಂದು ಹಿಂದ್ಗಡೆ ಕೂತ್ಕೋತೀನಿ.”

ಪ್ರಾಂಶುಪಾಲರು, “ಹೊರಗಿನವರು ಕ್ಲಾಸಲ್ಲಿ ಕೂರೋ ಹಾಗಿಲ್ಲಮ್ಮ,” ಅಂದರು.

“ಒಳಗಿನೋಳಾಗ್ಬೇಕು ಅಂದ್ರೆ?”

“ಅಡ್ಮಿಷನ್ ಆಗ್ಬೇಕು. ಪಿಯುಸಿ ಪಾಸಾಗಿರ್ಬೇಕು.”

“ಆಗೀನಿ.”

ನಿಜವಾಗಲೂ ಆಗಿದ್ದರು. ಮಾರನೇ ದಿನ ಟ್ರಂಕಿನ ಅಡಿಯಿಂದ ಮಾರ್ಕ್ಸ್ ಕಾರ್ಡ್ ತಂದರು. ನುಸಿಗುಳಿಗೆ ವಾಸನೆ ಹೊಡೆಯುತ್ತಿತ್ತು. ಪ್ರಾಂಶುಪಾಲರಿಗೆ ತಲೆ ಎಣಿಕೆ ಹೆಚ್ಚಾದರೆ ಸಾಕಾಗಿತ್ತು, ಕೈಮುಗಿದು ಸೇರಿಸಿಕೊಂಡರು.

ಹೀಗೆ ಅತ್ತೆ ಸೊಸೆ ಒಂದೇ ಬೆಂಚಿನಲ್ಲಿ ಕೂರುವುದು ಶುರುವಾಯಿತು. ಸೊಸೆ ಒಳಗಡೆ, ಅತ್ತೆ ಹೊರಗಡೆ. ಹಾಜರಿ ಕೂಗಿದರೆ ಇಬ್ಬರದೂ ಅತ್ತೆಯೇ ಹೇಳುತ್ತಿದ್ದರು: “ನಾನಿದೀನಿ, ಅವ್ಳೂ ಬಂದವ್ಳೆ.” ಸೊಸೆ ಯಾವುದಾದರೂ ಹುಡುಗನ ಹತ್ತಿರ ಪೆನ್ನು ಕೇಳಿದರೆ ಅತ್ತೆ ತಮ್ಮ ಪೆನ್ನು ಕೊಟ್ಟು ಸುಮ್ಮನೆ ಕೂರುತ್ತಿದ್ದರು. ಅವಳು ನಕ್ಕರೆ, “ಏನಮ್ಮಿ ಅದು, ಹಲ್ಲು?” ಅನ್ನುತ್ತಿದ್ದರು. ಅವಳು ನಗುವುದನ್ನೇ ಬಿಟ್ಟಳು.

ಮೊದಲ ಟೆಸ್ಟಿನ ದಿನ ನಾನು ಇಬ್ಬರನ್ನೂ ಬೇರೆ ಬೇರೆ ಕೂರಿಸಿದೆ. ಅತ್ತೆಗೆ ಸಿಟ್ಟು ಬಂತು. “ಮನೇಲಿ ಒಂದೇ ಒಲೆ, ಇಲ್ಲಿ ಬೇರೆ ಬೆಂಚಾ ಟೀಚರಮ್ಮ?”

“ಪರೀಕ್ಷೆ ಅಂದ್ರೆ ಹಾಗೇನೇ ಅಮ್ಮ. ಒಬ್ಬೊಬ್ಬರೇ ಕೂರಬೇಕು.”

ಪೇಪರ್ ಕೊಡಲು ಸೊಸೆಯ ಹತ್ತಿರ ಹೋದಾಗ ಅವಳು ತಲೆ ಎತ್ತದೆ ಪಿಸುಗುಟ್ಟಿದಳು: “ಮಿಸ್, ದಿನಾ ಟೆಸ್ಟ್ ಇಡಿ ಮಿಸ್.”

ಬ್ಯಾಂಕಿಗೆ ಹಾಕಿದ್ದೀವಿ

ಈಗ ಎಲ್ಲರ ಕ್ರೆಡಿಟ್ಟುಗಳನ್ನೂ ಕಂಪ್ಯೂಟರಿನಲ್ಲಿ ಒಂದು ಕಡೆ ಜಮಾ ಮಾಡಬೇಕು. ಅದಕ್ಕೆ ಕ್ರೆಡಿಟ್ ಬ್ಯಾಂಕ್ ಅಂತಲೇ ಹೆಸರು. ಕುಣಿಗಲ್ಲಿನಿಂದ ಬರುತ್ತಿದ್ದ ಒಬ್ಬ ಹುಡುಗನ ಅಪ್ಪ ಒಂದು ದಿನ ಫೋನ್ ಮಾಡಿ, ಮಗನ ಓದು ಎಲ್ಲಿಗೆ ಬಂತು ಅಂತ ಕೇಳಿದರು. ನನಗೆ ಕ್ಲಾಸಿಗೆ ಹೊತ್ತಾಗಿತ್ತು. “ಎಲ್ಲಾ ಮುಗೀತು ಯಜಮಾನ್ರೇ, ನಿಮ್ಮ ಮಗನ ಕ್ರೆಡಿಟ್ ಬ್ಯಾಂಕಿಗೆ ಹಾಕಿದ್ದೀವಿ,” ಅಂದು ಇಟ್ಟುಬಿಟ್ಟೆ.

ಅವರು ಒಗೆದ ಪಂಚೆ ಉಟ್ಟುಕೊಂಡು, ಪಾಸ್‌ಬುಕ್ ಹಿಡಿದುಕೊಂಡು ಕುಣಿಗಲ್ ಪೇಟೆಯ ತಮ್ಮ ಬ್ಯಾಂಕಿಗೆ ಹೋಗಿದ್ದಾರೆ. ಕೌಂಟರಿನ ಹುಡುಗಿ ಮಿಷನ್ನಿಗೆ ಪಾಸ್‌ಬುಕ್ ತೂರಿಸಿ ಎಂಟ್ರಿ ಮಾಡಿ ಕೊಟ್ಟಳಂತೆ.

“ಗುಬ್ಬಿ ಕಾಲೇಜಿಂದ ಬಂದಿರೋದು ಇದ್ರಲ್ಲಿ ಯಾವ್ದವ್ವ?”

“ಏನೂ ಬಂದಿಲ್ಲ ಯಜಮಾನ್ರೇ. ಗ್ಯಾಸ್ ಸಬ್ಸಿಡಿ ಒಂದು ಬಂದಿದೆ.”

“ಕ್ರೆಡಿಟ್ ಹಾಕಿದೀವಿ ಅಂದ್ರಲ್ಲ ಮೇಡಮ್ಮು.”

“ಓ, ಕಿಸಾನ್ ಕ್ರೆಡಿಟ್ ಕಾರ್ಡಾ? ಅದು ಆ ಟೇಬಲ್ಲು.”

ಆ ಟೇಬಲ್ಲಿನವರು ಇವರ ಪಹಣಿ ಕೇಳಿದರು, ಪ್ಯಾನ್ ಕಾರ್ಡ್ ಕೇಳಿದರು, ಕೊನೆಗೆ ಬೇರೆ ಸಾಲ ಏನಾದರೂ ಇದೆಯಾ ಅಂತ ಕೇಳಿದರು. ಮಗನ ಓದಿಗೂ ತಮ್ಮ ಸಾಲಕ್ಕೂ ಏನು ಸಂಬಂಧ ಅಂತ ಗಾಬರಿಯಾಗಿ ಅವರು ಅಲ್ಲಿಂದಲೇ ನನಗೆ ಫೋನ್ ಮಾಡಿದರು.

ನಾನು ವಿವರಿಸಿದೆ. “ಅದು ಈ ಬ್ಯಾಂಕಲ್ಲ ಯಜಮಾನ್ರೇ. ಅದು ಕಣ್ಣಿಗೆ ಕಾಣೋ ಬ್ಯಾಂಕಲ್ಲ.”

“ಎಲ್ಲಿ ಐತೆ ಮತ್ತೆ?”

“ಎಲ್ಲೂ ಇಲ್ಲ. ಕಂಪ್ಯೂಟರಲ್ಲಿ ಇರುತ್ತೆ.”

“ನಾನ್ ಹೋಗಿ ಬುಡುಸ್ಕೋಬೋದಾ?”

“ಬಿಡಿಸ್ಕೊಳ್ಳೋ ಹಾಗಿಲ್ಲ. ಇನ್ನೊಂದು ಕಾಲೇಜಿಗೆ ಹೋದ್ಮೇಲೆ ಅಲ್ಲಿ ಲೆಕ್ಕಕ್ಕೆ ಬರುತ್ತೆ.”

ಅವರು ಆ ಕಡೆಯಿಂದ ಉಸಿರು ಬಿಟ್ಟದ್ದು ಕೇಳಿಸಿತು. “ಇಲ್ಲಿದ್ದಾಗ ಕಾಣಲ್ಲ, ಕೈಗೆ ಸಿಗಲ್ಲ, ಅಲ್ಲಿಗೆ ಹೋದ್ಮೇಲೆ ಲೆಕ್ಕಕ್ಕೆ ಬತ್ತದೆ ಅಂತೀರಿ. ಇದು ಬ್ಯಾಂಕಲ್ಲ ಮೇಡಂ, ಪುಣ್ಯ.”

ಒಂದು ಯ-ವೊತ್ತು

ವಿಶ್ವವಿದ್ಯಾಲಯ ಯಾವುದು ಅಂತ ಹೇಳುವುದು ಬೇಡ. ಅದರ ಆಫೀಸು ಬೇರೆ ಜಿಲ್ಲೆಯಲ್ಲಿದೆ, ಅಷ್ಟು ಸಾಕು. ನಮ್ಮ ಮೊದಲ ತಂಡದ ಕ್ರೆಡಿಟ್ಟೆಲ್ಲ ಅಲ್ಲಿಗೆ ಹೋಯಿತು, ಹಾಗೇ ವಾಪಸ್ಸು ಬಂತು. ಯಾಕೆ ಅಂತ ಕೇಳಲು ನಾನೂ ಪ್ರಾಂಶುಪಾಲರೂ ಹೋದೆವು.

ಕಾರಣ ಒಂದೇ. ನಮ್ಮಲ್ಲಿ ಒಂದು ಪೇಪರಿನ ಹೆಸರು ‘ಸಂವಹನ ಕೌಶಲ’. ಅವರಲ್ಲಿ ‘ಸಂವಹನ ಕೌಶಲ್ಯ’. ಕೊನೆಯ ಲ-ಕ್ಕೆ ನಮ್ಮದರಲ್ಲಿ ಯ-ವೊತ್ತಿಲ್ಲ. ಕಂಪ್ಯೂಟರ್ ಒಪ್ಪಲಿಲ್ಲ.

“ಒಳಗಿರೋ ಪಾಠ ಒಂದೇ ಅಲ್ವಾ ಸಾರ್? ಪುಸ್ತಕವೂ ಅದೇ,” ಅಂದೆ.

“ಇರಬಹುದು ಮೇಡಂ. ಅದನ್ನ ನಾವು ಹೇಳೋಕಾಗಲ್ಲ. ಕಮಿಟಿ ಹೇಳ್ಬೇಕು,” ಅಂದರು ಅಲ್ಲಿಯವರು.

ಕಮಿಟಿ ಸೇರಲು ಬಹಳ ದಿನ ಹಿಡಿಯಿತು. ಸೇರಿದ ದಿನ ನಮ್ಮನ್ನೂ ಕರೆದರು. ಉದ್ದನೆಯ ಮೇಜು, ಗೋಡಂಬಿ, ಬಿಸ್ಕತ್ತು. ಅಧ್ಯಕ್ಷರ ಪಕ್ಕದಲ್ಲಿ ಒಬ್ಬರು ಕನ್ನಡ ಪ್ರೊಫೆಸರು, ಒಬ್ಬರು ರಸಾಯನಶಾಸ್ತ್ರದವರು.

ಕನ್ನಡ ಪ್ರೊಫೆಸರು ಎರಡೂ ಹೆಸರನ್ನು ಬಾಯಲ್ಲಿಟ್ಟು ರುಚಿ ನೋಡಿದ ಹಾಗೆ ಮೆಲ್ಲಗೆ ಹೇಳಿಕೊಂಡರು. “ಕೌಶಲ, ಕೌಶಲ್ಯ. ಎರಡೂ ಸರಿ.”

ನಮ್ಮ ಪ್ರಾಂಶುಪಾಲರು ಮೇಜಿನ ಕೆಳಗೆ ಕೈಮುಗಿದದ್ದು ನನಗೆ ಕಾಣಿಸಿತು.

ಆಗ ರಸಾಯನಶಾಸ್ತ್ರದವರು ಬಿಸ್ಕತ್ತು ಕೆಳಗಿಟ್ಟರು. “ಎರಡೂ ಸರಿ ಅಂದ್ರೆ ಎರಡು ಇವೆ ಅಂತಾಯ್ತಲ್ಲ ಸಾರ್? ಒಂದೇ ಆಗಿದ್ರೆ ಒಂದೇ ಸರಿ ಇರ್ತಿತ್ತು.”

ಕಮಿಟಿ ಗಂಭೀರವಾಯಿತು. ಮುಂದಿನ ಸಭೆಗೆ ಹಾಕಿದರು. ಮುಂದಿನ ಸಭೆಯ ದಿನ ಕನ್ನಡದವರಿಗೆ ಜ್ವರ. ಹೀಗೆ ಮಳೆಗಾಲ ಕಳೆಯಿತು. ತುಮಕೂರಿನ ಕಾಲೇಜಿನಲ್ಲಿ ಅಡ್ಮಿಷನ್ ಮುಚ್ಚುವುದಕ್ಕೆ ಇನ್ನೇನು ಅನ್ನುವಾಗ, ‘ಯ-ವೊತ್ತಿನ ವ್ಯತ್ಯಾಸವನ್ನು ಮನ್ನಿಸಲಾಗಿದೆ’ ಅಂತ ತೀರ್ಮಾನವಾಯಿತು.

ಅಷ್ಟರಲ್ಲಿ ಕಾದು ಕಾದು ನಮ್ಮ ಹುಡುಗರಲ್ಲಿ ಬಹಳ ಜನ ಚದುರಿಹೋಗಿದ್ದರು. ಕುಣಿಗಲ್ಲಿನ ಆ ಹುಡುಗ ವಸಂತನರಸಾಪುರದ ಒಂದು ಗೋಡೌನಿನಲ್ಲಿ ಲೋಡಿಂಗ್ ಕೆಲಸಕ್ಕೆ ಸೇರಿದ್ದ. ನಾನು ಸಂಭ್ರಮದಿಂದ ಫೋನ್ ಮಾಡಿದೆ. “ಒಪ್ಪಿದ್ರು ಕಣೋ! ಕೊನೇ ದಿನದೊಳಗೆ ಬಾ.”

ಹಿಂದೆ ಲಾರಿ ಸದ್ದು. “ಆಗಲ್ಲ ಮಿಸ್. ಪರ್ಮನೆಂಟ್ ಮಾಡ್ತೀವಿ ಅಂದವ್ರೆ. ಅಪ್ಪಂಗೂ ಕಾಲು ನೋವು.” ಆಮೇಲೆ ಅವನೇ ಕೇಳಿದ. “ಇಷ್ಟ್ ದಿನ ಹಿಡ್ಕೊಂಡಿದ್ದ ಪೇಪರ್ ಯಾವ್ದು ಮಿಸ್?”

“ಸಂವಹನ ಕೌಶಲ.”

“ಅದ್ರಲ್ಲಿ ಏನ್ ಹೇಳ್ಕೊಟ್ಟಿದ್ರಿ, ಮರ್ತೋಗದೆ.”

“ಹೇಳೋದನ್ನ ಬೇಗ, ಎದುರಿನವರಿಗೆ ಅರ್ಥ ಆಗೋ ಹಾಗೆ ಹೇಳೋದು ಹೇಗೆ ಅಂತ.”

ಅವನು ನಗಲು ಶುರು ಮಾಡಿದ. “ಏನ್ಲಾ ಅದು ನಗಾಡ್ಕೊಂಡು!” ಅಂತ ಸೂಪರ್‌ವೈಸರ್ ಬೈದದ್ದು ನನಗೂ ಕೇಳಿಸಿತು. ನಗುತ್ತಲೇ ಫೋನ್ ಇಟ್ಟ.

ಅರ್ಧ ಇಲ್ಲಿ, ಅರ್ಧ ಅಲ್ಲಿ

ತುಮಕೂರಿನ ಕಾಲೇಜಿಗೆ ಕೊನೆಗೆ ನನ್ನ ಜೊತೆ ಬಂದವರು ನಿಟ್ಟೂರಿನ ಅತ್ತೆ ಮತ್ತು ಸೊಸೆ. ಸೊಸೆ ಹೊಸ ಚಪ್ಪಲಿ ಹಾಕಿಕೊಂಡಿದ್ದಳು. ಅಲ್ಲಿಯ ಗುಮಾಸ್ತರು ಕನ್ನಡಕ ಏರಿಸಿಕೊಂಡು ಕಂಪ್ಯೂಟರ್ ನೋಡಿದರು.

“ದೊಡ್ಡಮ್ಮನದು ಎಲ್ಲಾ ಕ್ಲಿಯರ್. ಎರಡನೇ ವರ್ಷಕ್ಕೆ ತಗೋಬಹುದು. ಈ ಹುಡುಗೀದು ಆಗಲ್ಲ.”

“ಯಾಕೆ ಸಾರ್?”

“ಇವರು ಇಬ್ಬರಿದ್ದಾರೆ.”

“ಒಬ್ಬಳೇ ಸಾರ್. ನಿಮ್ಮ ಎದುರಿಗೇ ನಿಂತಿದ್ದಾಳೆ.”

“ಎದುರಿಗೆ ಒಬ್ರೇ ಮೇಡಂ. ಕಂಪ್ಯೂಟರಲ್ಲಿ ಇಬ್ರು.”

ಆಗಿದ್ದು ಇಷ್ಟು. ಮೊದಲ ಸೆಮಿಸ್ಟರಿನಲ್ಲಿ ಅವಳ ಆಧಾರ್ ಕಾರ್ಡಿನಲ್ಲಿ ಅಪ್ಪನ ಹೆಸರಿತ್ತು. ಎರಡನೆಯದರ ಹೊತ್ತಿಗೆ ಮನೆಯವರು ರೇಷನ್ ಕಾರ್ಡಿಗೆ ಸೇರಿಸಲು ಅಂತ ಗಂಡನ ಹೆಸರು ಹಾಕಿಸಿದ್ದರು. ಕಂಪ್ಯೂಟರು ಎರಡು ಖಾತೆ ತೆರೆದಿತ್ತು. ಅರ್ಧ ವರ್ಷದ ಕ್ರೆಡಿಟ್ಟು ಅಪ್ಪನ ಹೆಸರಿನವಳಿಗೆ, ಇನ್ನರ್ಧ ಗಂಡನ ಹೆಸರಿನವಳಿಗೆ. ಇಬ್ಬರದೂ ಅರ್ಧರ್ಧ ಓದು. ಇಬ್ಬರಿಗೂ ಸೀಟಿಲ್ಲ.

“ಅತ್ತೇದು ಹೇಗೆ ಸರಿಹೋಯ್ತು?” ಅಂತ ಕೇಳಿದೆ.

ಗುಮಾಸ್ತರು ಸ್ಕ್ರೀನ್ ತೋರಿಸಿದರು. ಅತ್ತೆಯದು ಬರೀ ಹೆಸರು. ಹಿಂದೆ ಮುಂದೆ ಒಂದು ಅಕ್ಷರವೂ ಇಲ್ಲ.

“ಸ್ಕೂಲಿಗೆ ಸೇರಿಸ್ದಾಗ ನಮ್ಮಪ್ಪ ತನ್ ಹೆಸ್ರು ಹೇಳೋದೇ ಮರ್ತಿದ್ನಂತೆ,” ಅಂದರು ಅತ್ತೆ. “ಗಂಡನ ಹೆಸ್ರು ಹಾಕ್ಸೋಕೆ ಯಾರಿಗೂ ನೆಪ್ಪಾಗ್ಲಿಲ್ಲ.”

ಸೊಸೆ ಕೌಂಟರಿನ ಅಂಚನ್ನು ಹಿಡಿದುಕೊಂಡು ನಿಂತಿದ್ದಳು. ಎರಡೂ ಸೇರಿಸಲು ಏನು ಮಾಡಬೇಕು ಅಂತ ನಾನು ಕೇಳಿದೆ. ಅಪ್ಪನ ಹೆಸರಿನ ಖಾತೆಯಿಂದ ಇಲ್ಲಿಗೆ ತರಿಸಬೇಕು, ಎಷ್ಟು ದಿನ ಹಿಡಿಯುತ್ತೆ ಹೇಳೋಕಾಗಲ್ಲ, ಈ ವರ್ಷ ಅಂತೂ ಮುಗೀತು ಅಂದರು ಗುಮಾಸ್ತರು.

ಸೊಸೆ ಅವತ್ತು ಆಡಿದ್ದು ಒಂದೇ ಮಾತು. ತಲೆ ಬಗ್ಗಿಸಿಕೊಂಡು, ಯಾರನ್ನೂ ನೋಡದೆ. “ಹೆಂಡ್ತಿ ತವರಿಗೆ ಹೋಗಿ ಕೂತ್ರೆ ಗಂಡ ಹೋಗಿ ಕರ್ಕೊಂಡು ಬರ್ತಾನೆ. ಕ್ರೆಡಿಟ್ ಹೋಗಿ ಕೂತ್ರೆ ಯಾರನ್ನ ಕಳಿಸ್ಲಿ ಮಿಸ್?”

ಯಾರನ್ನು ಕಾಯೋದು?

ಅತ್ತೆ ಸೀಟು ಬಿಡುತ್ತಾರೆ ಅಂದುಕೊಂಡಿದ್ದೆ. ಬಿಡಲಿಲ್ಲ. ಅವತ್ತೇ ಸೇರಿದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೊಸೆ ಮುಂದಿನ ಸೀಟಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಅತ್ತೆ ನನ್ನ ಪಕ್ಕ.

“ನೀವೇನ್ ಅಂದ್ಕೋತಿದೀರಿ ಅಂತ ಗೊತ್ತು ಟೀಚರಮ್ಮ,” ಅಂದರು ತಗ್ಗಿದ ದನಿಯಲ್ಲಿ. “ನನ್ಗೂ ಪಿಯುಸಿ ಆದ್ ತಿಂಗ್ಳೇ ಮದ್ವೆ ಮಾಡ್ಬುಟ್ರು. ಡಿಗ್ರಿ ಅಂದ್ರೆ ಹೆಂಗಿರ್ತದೆ ಅಂತ ನೋಡ್ಬೇಕು ಅಂತ ನನ್ಗೂ ಇತ್ತು. ಅವ್ಳಿಗೆ ಇನ್ನೂ ವಯಸ್ಸೈತೆ.”

ನನಗೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು. ಒಂದು ಷರತ್ತು ಹಾಕಿದೆ. ದಿನಾ ಹೋಗುತ್ತೀರಲ್ಲ, ಆ ಗುಮಾಸ್ತರ ಹತ್ತಿರ ಸೊಸೆಯ ವಿಷಯ ಕೇಳುತ್ತಲೇ ಇರಬೇಕು. ಆಗಲಿ ಅಂದರು.

ಅತ್ತೆ ಬೆಳಿಗ್ಗೆ ನಿಟ್ಟೂರಿನಿಂದ ತುಮಕೂರಿಗೆ ಹೊರಟರೆ ಸೊಸೆ ಡಬ್ಬಿ ಕಟ್ಟಿ ಕೊಡುತ್ತಿದ್ದಳು. ಸಂಜೆ ಅತ್ತೆಯ ಪುಸ್ತಕ ತೆಗೆದು ಓದುತ್ತಿದ್ದಳಂತೆ. ಅತ್ತೆಯ ಅಸೈನ್ಮೆಂಟುಗಳ ಅಕ್ಷರ ಬಹಳ ದುಂಡಗಿದೆ ಅಂತ ತುಮಕೂರಿನ ಮೇಷ್ಟ್ರುಗಳು ಹೊಗಳುತ್ತಿದ್ದರು. ಯಾರ ಅಕ್ಷರ ಅಂತ ನನಗೆ ಗೊತ್ತಿತ್ತು.

ಮಾತು ಕೊಟ್ಟ ಹಾಗೆ ಅತ್ತೆ ಗುಮಾಸ್ತರನ್ನು ಮಾತ್ರ ಬಿಡಲಿಲ್ಲ. ಕ್ಲಾಸಿಲ್ಲದ ಹೊತ್ತೆಲ್ಲ ಹೋಗಿ ಅವರ ಮೇಜಿನ ಎದುರಿಗೆ ಕುರ್ಚಿ ಎಳೆದುಕೊಂಡು ಕೂರುವುದು. ಮಾತಿಲ್ಲ ಕತೆಯಿಲ್ಲ. ಗುಮಾಸ್ತರು ಟೀ ಕುಡಿದರೆ ಅದನ್ನು ನೋಡುವುದು, ಫೋನಿನಲ್ಲಿ ಮಾತಾಡಿದರೆ ಅದನ್ನು ಕೇಳುವುದು. ಅವರು ಆಕಳಿಸಿದರೆ, “ಕಂಪ್ಯೂಟರ್ ಆನ್ ಐತೆ ಸಾ,” ಅನ್ನುವುದು.

ಕೊನೆಗೆ ಗುಮಾಸ್ತರಿಗೆ ತಡೆಯಲಾಗಲಿಲ್ಲ. “ಅಲ್ಲಮ್ಮ, ನೀವು ಇಲ್ಲಿಗೆ ಓದೋಕೆ ಬರ್ತೀರೋ, ನನ್ನ ಕಾಯೋಕೆ ಬರ್ತೀರೋ?”

ಅತ್ತೆ ಸೆರಗು ಸರಿಮಾಡಿಕೊಂಡರು. “ನಾನು ಸೇರಿದ್ದೇ ಸೊಸೆ ಕಾಯೋಕೆ ಅಂತ ಸಾ. ಅವ್ಳಿಗೆ ನೀವು ಸೀಟು ಕೊಡ್ಲಿಲ್ಲ. ಅದ್ಕೇ ನಿಮ್ಮನ್ನ ಕಾಯ್ತಾ ಇದೀನಿ.”

ನನ್ನ ವರ್ಗಾವಣೆ

ಮುಂದಿನ ವರ್ಷ ನಮ್ಮ ಗುಬ್ಬಿ ಕಾಲೇಜಿಗೆ ಯಾರೂ ಸೇರಲಿಲ್ಲ. ಮೊದಲ ತಂಡ ಏನಾಯಿತು ಅಂತ ಎಲ್ಲರಿಗೂ ಗೊತ್ತಾಗಿತ್ತು. ಕೋರ್ಸು ಮುಚ್ಚಲು ಆದೇಶ ಬಂತು. ಗೋಡೆಯ ಮೇಲಿನ ‘ಸೇರಬಹುದು’ ಮೇಲೆ ಸುಣ್ಣ ಬಳಿದರು. ಒಂದೇ ಕೈ ಬಳಿದಿದ್ದರಿಂದ ಅಕ್ಷರ ಇನ್ನೂ ಕಾಣುತ್ತಿತ್ತು. ಪ್ರಾಂಶುಪಾಲರು ಕಾಯಿ ತುರಿಯುವ ಮಿಷನ್ನಿಗೆ ಹಳೆಯ ಪಂಚೆ ಹೊದಿಸಿದರು. ಸತ್ತವರ ಮುಖ ಮುಚ್ಚುವಾಗ ಮಾಡುತ್ತಾರಲ್ಲ, ಹಾಗೆ ಮೂಲೆ ಮೂಲೆ ಸರಿಮಾಡಿದರು. ಇಬ್ಬರೂ ಟೀ ಕುಡಿದು ಬೀಗ ಹಾಕಿ ಬಂದೆವು.

ನನಗೆ ತುಮಕೂರಿನ ಅದೇ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಕೆಲಸ ಸಿಕ್ಕಿತು. ಸಂಬಳ ನಿಗದಿ ಮಾಡಲು ಗುಬ್ಬಿಯಲ್ಲಿ ಪಾಠ ಮಾಡಿದ ಅನುಭವದ ಪ್ರಮಾಣಪತ್ರ ತೆಗೆದುಕೊಂಡು ಗುಮಾಸ್ತರ ಹತ್ತಿರ ಹೋದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಸಮುದಾಯ ಕಾಲೇಜಿನ ಸೇವೆ ಇಲ್ಲಿಗೆ ಲೆಕ್ಕಕ್ಕೆ ಬರಲ್ಲ ಮೇಡಂ.”

“ಅಲ್ಲ ಸಾರ್, ಅಲ್ಲಿ ಓದಿದ ಹೆಂಗಸಿಗೆ ನೀವು ಎರಡನೇ ವರ್ಷ ಕೊಟ್ಟಿದ್ದೀರಿ!”

“ಓದಿದವರದು ಬರುತ್ತೆ. ಓದಿಸಿದವರದು ಬರಲ್ಲ.”

“ಹಾಗಾದ್ರೆ ನಂದು ಎಲ್ಲಿಂದ ಶುರು?”

“ಮೊದಲನೇ ವರ್ಷದಿಂದ,” ಅಂದರು.

ಹೊಸ ವಿದ್ಯಾರ್ಥಿನಿಯ ದೂರು

ಅದೇ ವರ್ಷ ಸೊಸೆಯೂ ಬಂದಳು. ಗುಮಾಸ್ತರು ಅತ್ತೆಯ ಕಾಟ ತಡೆಯಲಾರದೆ ಎರಡು ಖಾತೆಯನ್ನೂ ಒಂದು ಮಾಡಿಸಿದ್ದರು. ಒಂದಾಗುವ ಹೊತ್ತಿಗೆ ಪಠ್ಯ ಬದಲಾಗಿತ್ತು, ಹಳೆಯ ಕ್ರೆಡಿಟ್ಟು ಹೊಸದಕ್ಕೆ ಹೊಂದಲಿಲ್ಲ. ಅವಳ ಒಂದು ವರ್ಷ ಹಾಗೇ ಕಂಪ್ಯೂಟರಿನಲ್ಲಿ ಉಳಿಯಿತು. ಮೊದಲನೇ ವರ್ಷಕ್ಕೆ ಸೇರಿದಳು. ಅತ್ತೆ ಆಗ ಕೊನೆಯ ವರ್ಷ.

ಮನೆಯಲ್ಲಿ ಅತ್ತೆ, ಕಾಲೇಜಿನಲ್ಲಿ ಸೀನಿಯರು.

ಒಂದು ದಿನ ಒಬ್ಬ ಯುವ ಉಪನ್ಯಾಸಕರು ಕಾರಿಡಾರಿನಲ್ಲಿ ಬರುವಾಗ, ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬರು ಮೊದಲ ವರ್ಷದವಳನ್ನು ಗೋಡೆಗೆ ಒತ್ತಿಸಿ ನಿಲ್ಲಿಸಿ ಬೈಯುತ್ತಿದ್ದದ್ದನ್ನು ಕಂಡರು. ಹುಡುಗಿ ಅಳುತ್ತಿದ್ದಳು. ಅವರು ಹೊಸಬರು. ತಕ್ಷಣ ಹೋಗಿ ಬರೆದುಕೊಟ್ಟರು. ಮಾರನೇ ದಿನವೇ ರ‍್ಯಾಗಿಂಗ್ ತಡೆ ಸಮಿತಿ ಸೇರಿತು. ಉಪಪ್ರಾಂಶುಪಾಲರು ಅಧ್ಯಕ್ಷರು, ದೈಹಿಕ ಶಿಕ್ಷಣದ ಮೇಷ್ಟ್ರು ಬರೆದುಕೊಳ್ಳುವವರು. ಮಹಿಳಾ ಸದಸ್ಯೆಯಾಗಿ ನಾನು. ಯಾರಿಗೂ ಬೇಡವಾದ ಸಮಿತಿಗಳಿಗೆಲ್ಲ ಅತಿಥಿ ಉಪನ್ಯಾಸಕರನ್ನೇ ಹಾಕುತ್ತಾರೆ.

ಒಳಗೆ ಬಂದವರನ್ನು ನೋಡಿ ನಾನು ಎದ್ದೆ. “ಸಾರ್, ಇವರಿಬ್ಬರೂ...”

ಉಪಪ್ರಾಂಶುಪಾಲರು ಕೈ ಎತ್ತಿ ತಡೆದರು. ಅವರು ನಿಯಮದ ಮನುಷ್ಯ. “ಮೇಡಂ, ನಿಮ್ಮ ಹಳೇ ವಿದ್ಯಾರ್ಥಿಗಳು ಅಂತ ಗೊತ್ತು. ಸಮಿತಿ ಮುಂದೆ ಪರಿಚಯ, ಸಂಬಂಧ ಯಾವುದನ್ನೂ ತರಬಾರದು. ಇಲ್ಲಿ ಎಲ್ಲರೂ ವಿದ್ಯಾರ್ಥಿಗಳೇ.”

ನಾನು ಕೂತೆ.

“ಹೆದರಬೇಡಮ್ಮ,” ಅಂದರು ಅವರು ಸೊಸೆಗೆ. “ಧೈರ್ಯವಾಗಿ ಹೇಳು. ಈ ಸೀನಿಯರ್ ನಿನಗೆ ಏನೇನು ಮಾಡಿಸ್ತಾರೆ?”

ಸೊಸೆ ಸೆರಗಿನ ತುದಿ ಸುತ್ತುತ್ತ ನಿಂತಳು. ಇಲ್ಲಿಯವರೆಗೆ ಯಾರೂ ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ ಅಂತ ಕಾಣುತ್ತದೆ. ಮೊದಲು ನಿಧಾನವಾಗಿ ಶುರು ಮಾಡಿದಳು.

“ಬೆಳಕು ಹರಿಯೋಕೆ ಮುಂಚೆ ಎಬ್ಬಿಸ್ತಾರೆ ಸಾರ್.”

“ಬರ್ಕೊಳ್ಳಿ,” ಅಂದರು ಅಧ್ಯಕ್ಷರು. “ಆಮೇಲೆ?”

“ನೀರು ಹಿಡಿಸ್ತಾರೆ. ಪಾತ್ರೆ ತೊಳೆಸ್ತಾರೆ. ಮುದ್ದೆ ಗಂಟಾದ್ರೆ ಮತ್ತೆ ಮಾಡಿಸ್ತಾರೆ. ಅವರ ಅಸೈನ್ಮೆಂಟ್ ನನ್ ಕೈಲಿ ಬರೆಸ್ತಾರೆ.”

ದೈಹಿಕ ಶಿಕ್ಷಣದ ಮೇಷ್ಟ್ರು ಬರೆಯುತ್ತ ಬರೆಯುತ್ತ ಹಲ್ಲು ಕಚ್ಚಿಕೊಂಡರು.

“ಯಾವ ಬಟ್ಟೆ ಹಾಕ್ಬೇಕು ಅಂತ ಅವರೇ ಹೇಳ್ತಾರೆ. ಫೋನ್ ಬಂದ್ರೆ ಯಾರ್ದು ಅಂತ ಕೇಳ್ತಾರೆ. ನಗಬಾರ್ದು ಅಂತಾರೆ. ನಮ್ಮೂರಿಗೆ ಹೋಗ್ತೀನಿ ಅಂದ್ರೆ ಬಿಡಲ್ಲ.” ಈಗ ಅವಳ ಮಾತು ನಿಲ್ಲುತ್ತಿರಲಿಲ್ಲ. ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

ಉಪಪ್ರಾಂಶುಪಾಲರು ಎದುರಿಗಿದ್ದ ನಿಯಮದ ಪುಸ್ತಕ ತೆರೆದು ಬೆರಳಿಟ್ಟು ನೋಡಿದರು. “ಸ್ವಂತ ಕೆಲಸ ಮಾಡಿಸುವುದು, ಉಡುಪಿನ ವಿಷಯದಲ್ಲಿ ಒತ್ತಾಯ, ಓಡಾಟಕ್ಕೆ ಅಡ್ಡಿ, ಮಾನಸಿಕ ಹಿಂಸೆ. ಇದರಲ್ಲಿ ಬರೆದಿರೋದೆಲ್ಲಾ ಆಗಿದೆಯಲ್ರೀ!” ಅವರಿಗೆ ನಿಜವಾಗಲೂ ಗಾಬರಿಯಾಗಿತ್ತು. “ಎಷ್ಟು ದಿನದಿಂದ ನಡೀತಿದೆಯಮ್ಮ ಇದು? ಕಾಲೇಜು ಶುರುವಾದಾಗಿನಿಂದಲಾ?”

“ಮದುವೆ ಆದಾಗಿಂದ ಸಾರ್.”

ದೈಹಿಕ ಶಿಕ್ಷಣದ ಮೇಷ್ಟ್ರ ಪೆನ್ನು ನಿಂತಿತು. ಉಪಪ್ರಾಂಶುಪಾಲರು ಒಮ್ಮೆ ಅತ್ತೆಯನ್ನು, ಒಮ್ಮೆ ಸೊಸೆಯನ್ನು, ಕೊನೆಗೆ ನನ್ನನ್ನು ನೋಡಿದರು. “ಅದನ್ನೇ ಹೇಳೋಕೆ ಬಂದೆ ಸಾರ್,” ಅಂದೆ.

ಆಮೇಲೆ ಮಾತಾಡಿದ್ದು ಅತ್ತೆ. ಮುಂದೆ ಬಂದು ಆ ನಿಯಮದ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಬಗ್ಗಿ ಓದಿದರು.

“ಇದೆಲ್ಲಾ ತಪ್ಪಾ ಸಾ?”

“ತಪ್ಪೇ ಅಮ್ಮ. ಕಾನೂನಿನ ಪ್ರಕಾರ ಅಪರಾಧ.”

“ನಮ್ಮತ್ತೆ ಇಷ್ಟನ್ನೂ ಮಾಡವ್ರೆ, ಇದಕ್ಕಿಂತ ಜಾಸ್ತೀನೂ ಮಾಡವ್ರೆ. ತೀರ್ಕೊಂಡು ವರ್ಷಗಟ್ಲೆ ಆಯ್ತು.” ಅವರು ತಲೆ ಎತ್ತಿದರು. “ಈಗ ದೂರು ಕೊಟ್ರೆ ತಗೋತೀರಾ?”

ದೈಹಿಕ ಶಿಕ್ಷಣದ ಮೇಷ್ಟ್ರು ಮುಖ ಆ ಕಡೆ ತಿರುಗಿಸಿ ಕೆಮ್ಮಿದರು. ನನಗೂ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಹಿಡಿದೆ. ಅತ್ತೆ ಮಾತ್ರ ಉತ್ತರಕ್ಕೆ ಕಾಯುತ್ತಲೇ ನಿಂತಿದ್ದರು. ತಮಾಷೆಗೆ ಕೇಳಿದ್ದಲ್ಲ ಅದು.

ಉಪಪ್ರಾಂಶುಪಾಲರು ನಿಯಮದ ಮನುಷ್ಯ ಅಂದೆನಲ್ಲ. ಒಂದು ಬಿಳಿ ಹಾಳೆ, ಒಂದು ಪೆನ್ನು ಸೊಸೆಯ ಮುಂದೆ ಸರಿಸಿದರು. “ನೋಡಮ್ಮ, ಅತ್ತೆ ಆಗ್ಲಿ, ಯಾರೇ ಆಗ್ಲಿ. ಈ ಕಾಲೇಜಿನ ಒಳಗೆ ಇವರು ನಿನ್ನ ಸೀನಿಯರ್ ಅಷ್ಟೆ. ನೀನು ಹೇಳಿದ್ದನ್ನೆಲ್ಲ ಬರೆದು ಸಹಿ ಹಾಕು. ನಾಳೆಯಿಂದ ಇವರು ನಿನ್ನ ತಂಟೆಗೆ ಬರದ ಹಾಗೆ ನಾನು ನೋಡ್ಕೋತೀನಿ.”

ಸೊಸೆ ಪೆನ್ನು ಕೈಗೆ ತೆಗೆದುಕೊಂಡಳು. ಮುಚ್ಚಳ ತೆಗೆದಳು. ಹಾಳೆಯ ಮೇಲೆ ಬಗ್ಗಿದಳು. ಬರೆದೇಬಿಡುತ್ತಾಳೆ ಅಂದುಕೊಂಡೆ. ಅವಳು ಒಮ್ಮೆ ಕಿಟಕಿಯಾಚೆ ನೋಡಿ, ಮುಚ್ಚಳ ಹಾಕಿ, ಪೆನ್ನನ್ನು ಅವರ ಕಡೆಗೇ ಸರಿಸಿದಳು.

“ಬೇಡ ಸಾರ್. ಸಂಜೆ ಇಬ್ರೂ ಒಂದೇ ಬಸ್ಸಿಗೆ ಹೋಗ್ಬೇಕು.”